ಇಸಿಜಿ ಕಾಗದಕ್ಕೆ ಸಿಕ್ಕ ಎದೆಬಡಿತ

ಕಿಲ್ಲಾರಿಯ ಭೂಕಂಪವಾದ ಮರುವರ್ಷ, ಮಳೆಗಾಲದ ಒಂದು ಮಧ್ಯಾಹ್ನ, ಹುಮನಾಬಾದಿನ ನಮ್ಮ ಶಾಲೆಯಲ್ಲಿ ಎಂಟನೆಯ ತರಗತಿಗೆ ಸಂಧಿ ಕಲಿಸುತ್ತಿದ್ದೆ. ಕೈಯಿಂದ ಜಾರಿದ ಸೀಮೆಸುಣ್ಣ ಎತ್ತಿಕೊಳ್ಳಲು ಬಗ್ಗಿದೆ. ಎದ್ದು ನಿಲ್ಲುವಷ್ಟರಲ್ಲಿ ಎದೆಯೊಳಗೆ ಏನೋ ಒಮ್ಮೆ ಹೆಜ್ಜೆ ತಪ್ಪಿದಂತಾಗಿ, ಮರುಗಳಿಗೆಗೆ ಓಡತೊಡಗಿತು. ನಾನು ಓಡಿರಲಿಲ್ಲ, ಹೆದರಿರಲಿಲ್ಲ, ಯಾರನ್ನೂ ಬೈದಿರಲಿಲ್ಲ. ಆದರೂ ಕುತ್ತಿಗೆಯ ನರ ಸೀರೆಯ ಸೆರಗಿನ ಅಂಚನ್ನೇ ಅಲುಗಿಸುವಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಸವರ್ಣದೀರ್ಘ ಸಂಧಿಗೆ ಹತ್ತು ಉದಾಹರಣೆ ಬರೆಯಿರಿ ಎಂದು ಮಕ್ಕಳಿಗೆ ಹೇಳಿ, ಮೇಜು ಹಿಡಿದು ಕುರ್ಚಿಯಲ್ಲಿ ಕುಳಿತೆ. ಇಪ್ಪತ್ತು ನಿಮಿಷವಾದ ಮೇಲೆ ಆ ಓಟ ಬಂದ ಹಾಗೆಯೇ ಒಂದೇ ಸಲಕ್ಕೆ ನಿಂತುಬಿಟ್ಟಿತು. ಮಕ್ಕಳಲ್ಲಿ ಕೆಲವರು ಇನ್ನೂ ಏಳನೆಯ ಉದಾಹರಣೆಯಲ್ಲಿದ್ದರು.

ಆಗ ನನಗೆ ಮೂವತ್ತೊಂದು ವರ್ಷ. ತವರು ಹುಮನಾಬಾದ್, ಕೊಟ್ಟ ಮನೆ ಬಸವಕಲ್ಯಾಣ. ಮದುವೆಯಾದ ಮೇಲೂ ನೌಕರಿ ತವರೂರಿನಲ್ಲೇ ಉಳಿದದ್ದರಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮನೆಯಲ್ಲಿ ಕಬ್ಬಿಣ ಸಾಮಾನಿನ ಅಂಗಡಿ ಇಟ್ಟಿದ್ದ ಯಜಮಾನರು, ಸಣ್ಣ ಮಗಳು ಮತ್ತು ನನ್ನ ಅತ್ತೆ. ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಓಣಿಯಲ್ಲಿ ಯಾರ ಮಗುವಿಗೆ ಹೊಟ್ಟೆ ನೋವು ಬಂದರೂ ಮೊದಲು ಅವರನ್ನೇ ಕರೆಯುತ್ತಿದ್ದರು.

ಮೂರನೆಯ ಸಲ ಅದು ಬಂದದ್ದು ಮನೆಯಲ್ಲಿ, ರೊಟ್ಟಿ ಬಡಿಯುವಾಗ. ಅತ್ತೆ ನನ್ನನ್ನು ಗೋಡೆಗೆ ಒರಗಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು.

"ಸಾಲಿಗೆ ನೆಟ್ಟಗ ಸೀರಿ ಉಟ್ಕೊಂಡು ಹೋಗ್ತಿ. ಮಂದಿ ಕಣ್ಣ ಸುಮ್ನಿರ್ತಾವೇನು?" ಎಂದರು.

ಯಜಮಾನರು ಊರಿನ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದರು. ಅಷ್ಟರಲ್ಲಿ ಎದೆ ಶಾಂತವಾಗಿತ್ತು. ಇಸಿಜಿ ತೆಗೆದರು, ಎಲ್ಲ ಸರಿಯಾಗಿದೆ ಎಂದರು. ಭೂಕಂಪದ ನಂತರ ನಮ್ಮ ಕಡೆ ಜನ ತಿಂಗಳುಗಟ್ಟಲೆ ಅಂಗಳದಲ್ಲೇ ಮಲಗಿದವರು. ಪಾತ್ರೆ ಬಿದ್ದರೂ ಹೊರಗೆ ಓಡುತ್ತಿದ್ದ ಕಾಲ ಅದು. ಡಾಕ್ಟರು ಯಜಮಾನರ ಕಡೆ ನೋಡಿ, "ಭೂಕಂಪದ ಅಂಜಿಕಿ ಇನ್ನ ಹೋಗಿಲ್ಲರಿ. ಮ್ಯಾಲ ನೌಕರಿ ಟೆನ್ಶನ್. ಹೆಣ್ಮಕ್ಕಳಿಗಿ ಇದು ಭಾಳ ಕಾಮನ್," ಎಂದು ಗುಳಿಗೆ ಬರೆದುಕೊಟ್ಟರು. ನನ್ನನ್ನು ಏನೂ ಕೇಳಲಿಲ್ಲ. ನಾನೂ ಏನೂ ಕೇಳಲಿಲ್ಲ.

ಆ ಗುಳಿಗೆ ಯಾವುದಕ್ಕೆಂದು ಒಂದು ವಾರದಲ್ಲೇ ತಿಳಿಯಿತು. ಬೆಳಗಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟವಳಿಗೆ ಗಾಢ ನಿದ್ದೆ ಹತ್ತಿತು. ಕಣ್ಣು ಬಿಟ್ಟಾಗ ಹೊರಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ಕಂಡಿತು. ಹುಮನಾಬಾದ್ ದಾಟಿ ಬಸ್ಸು ಹಳ್ಳಿಖೇಡಕ್ಕೆ ಬಂದು ನಿಂತಿತ್ತು. ಮೊದಲ ಪಿರಿಯಡ್ಡಿಗೆ ಹೋಗಬೇಕಾದವಳು ಮೂರನೆಯ ಪಿರಿಯಡ್ಡಿಗೆ ತಲುಪಿದೆ. ಮುಖ್ಯೋಪಾಧ್ಯಾಯಿನಿ ಬೈಯಲಿಲ್ಲ, ನನ್ನ ಮುಖ ನೋಡಿ, "ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿದಾಗ ಒಬ್ರು ಡಾಕ್ಟರ್ ಸಾಬ್ ಅದಾರ. ವಯಸ್ಸಾದವ್ರು. ಒಮ್ಮಿ ತೋರಿಸ್ರಿ," ಎಂದರು.

ಡಾಕ್ಟರ್ ಸಾಬರ ದವಾಖಾನೆ ಎಂದರೆ ಒಂದು ಕೋಣೆ, ಒಂದು ಹಸಿರು ಪರದೆ, ರೋಗಿಗಳಿಗೆ ಉದ್ದನೆಯ ಬೆಂಚು. ಬಿಳಿ ಗಡ್ಡ, ದಪ್ಪ ಕನ್ನಡಕ. ಅವರ ಮನೆತನ ಹುಮನಾಬಾದಿನಲ್ಲಿ ಎಷ್ಟು ತಲೆಮಾರಿನಿಂದ ಇದೆಯೆಂದು ಅವರಿಗೇ ಲೆಕ್ಕವಿರಲಿಲ್ಲ. ಅವರು ಸ್ಟೆತಸ್ಕೋಪ್ ಮುಟ್ಟುವ ಮೊದಲು ಪ್ರಶ್ನೆ ಕೇಳತೊಡಗಿದರು.

"ಒಮ್ಮೇಲೆ ಬರ್ತದೋ, ಮೆಲ್ಲಗ ಏರ್ತದೋ?"

"ಒಮ್ಮೇಲೆ ಬರ್ತದರಿ. ಸ್ವಿಚ್ ಹಾಕಿದಂಗ."

"ಹೋಗೋದು?"

"ಅದೂ ಹಂಗೇ ರಿ."

"ಹೋದ ಮ್ಯಾಲ ಘಂಟೆ ಎರಡ್ ಘಂಟೆ ಪೇಶಾಬಿಗಿ ಭಾಳ ಸಲ ಹೋಗಬೇಕಾಗ್ತದೇನು?"

ನನಗೆ ನಾಚಿಕೆಯಾಯಿತು, ಜೊತೆಗೆ ಆಶ್ಚರ್ಯವೂ ಆಯಿತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಎದೆಗೂ ಮೂತ್ರಕ್ಕೂ ಸಂಬಂಧವಿದೆ ಎಂದು ನನಗೇ ಹೊಳೆದಿರಲಿಲ್ಲ. ಹೌದೆಂದು ತಲೆಯಾಡಿಸಿದೆ. ಅವರು ಪೆನ್ನು ಕೆಳಗಿಟ್ಟರು.

"ಅಂಜಿಕಿ ಹಿಂಗ ಬರಲ್ಲ, ಬೇಟಿ. ಅಂಜಿಕಿ ಮೆಲ್ಲಗ ಏರ್ತದ, ಮೆಲ್ಲಗ ಇಳೀತದ. ಇದು ದಿಲ್ಲಿನ ಕರೆಂಟಿನ ತಕರಾರ ಇರಬೇಕಂತ ನನಗ ಶಕ್ ಅದ. ಆದ್ರ ಸಬೂತ್ ಇಲ್ಲ, ಪುರಾವೆ ಇಲ್ಲ. ಸಬೂತ್ ನೀವೇ ತರಬೇಕು."

"ನಾ ಹ್ಯಾಂಗ ತರ್ಲಿರಿ?"

ಅವರು ನನ್ನ ಎಡಗೈ ಹಿಡಿದು, ನನ್ನದೇ ಬಲಗೈಯ ಎರಡು ಬೆರಳುಗಳನ್ನು ಹೆಬ್ಬೆರಳ ಕೆಳಗಿನ ಹಳ್ಳದ ಮೇಲೆ ಇಟ್ಟರು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದನ್ನು ಕಲಿಸಿದರು. ಒಂದು ನೋಟ್‌ಬುಕ್ ಇಡಲು ಹೇಳಿದರು: ಯಾವ ದಿನ, ಎಷ್ಟು ಹೊತ್ತಿಗೆ, ಏನು ಮಾಡುತ್ತಿದ್ದೆ, ಏನು ತಿಂದಿದ್ದೆ, ನಾಡಿ ಎಷ್ಟು, ಹೇಗೆ ಹೋಯಿತು. ಆಮೇಲೆ ಒಂದು ಚೀಟಿ ಬರೆದು ಮಡಿಸಿ ಕೊಟ್ಟರು. ಹುಮನಾಬಾದಿನಲ್ಲೇ ಇಸಿಜಿ ಯಂತ್ರವಿದ್ದ ಒಂದು ಆಸ್ಪತ್ರೆಗೆ ಬರೆದ ಚೀಟಿ ಅದು.

"ಇದು ಪರ್ಸಿನಾಗ ಇರ್ಲಿ. ಬಂದಾಗ ಮನಿಗಿ ಹೋಗಬ್ಯಾಡ್ರಿ, ನನ್ನ ಹತ್ರಾನೂ ಬರಬ್ಯಾಡ್ರಿ. ಸೀದಾ ಅಲ್ಲಿಗಿ ಹೋಗ್ರಿ. ಮೊದಲ ಇಸಿಜಿ, ಆಮೇಲೆ ಮಾತು ಅಂತ ಬರದೇನಿ."

ಆ ದಿನ ಬಸ್ಸಿನಲ್ಲಿ ಮನೆಗೆ ಬರುವಾಗ ನನ್ನ ನಾಡಿ ನಾನೇ ನಾಲ್ಕು ಸಲ ಎಣಿಸಿಕೊಂಡೆ. ಎಪ್ಪತ್ತಾರು. ಕಾಯಿಲೆ ಹೋಗಿರಲಿಲ್ಲ, ಹೆಸರೂ ಗೊತ್ತಾಗಿರಲಿಲ್ಲ. ಆದರೂ ಎಷ್ಟೋ ದಿನದ ಮೇಲೆ ಮನಸ್ಸಿಗೆ ಹಗುರವಾಗಿತ್ತು. ಮಾಡಲು ನನಗೂ ಒಂದು ಕೆಲಸ ಸಿಕ್ಕಿತ್ತು.

ಮನೆಯಲ್ಲಿ ಈ ಕೆಲಸಕ್ಕೆ ಜೊತೆಯಾದವರು ಅತ್ತೆ. ಎದೆ ಓಡುವಾಗ ಗಡಿಯಾರ ನೋಡುವುದು, ಎಣಿಸುವುದು ಎರಡೂ ನನ್ನಿಂದ ಆಗುತ್ತಿರಲಿಲ್ಲ. ನಾನು ಗಡಿಯಾರ ನೋಡುವುದು, ಅವರು ನನ್ನ ಕೈ ಹಿಡಿದು ಎಣಿಸುವುದು ಎಂದಾಯಿತು. ಮೊದಲ ಸಲ ಇಪ್ಪತ್ತಕ್ಕೇ ತಪ್ಪಿದರು. ಬಾಯಿಯಲ್ಲಿ ಎಣಿಸಿದರೆ ಬಡಿತ ಮುಂದೆ ಓಡಿಬಿಡುತ್ತಿತ್ತು. ಆಮೇಲೆ ಅವರೇ ಉಪಾಯ ಕಂಡುಕೊಂಡರು: ಎರಡು ಬಡಿತಕ್ಕೆ ಒಂದು ಎಣಿಕೆ, ಕೊನೆಗೆ ದುಪ್ಪಟ್ಟು. ಎರಡನೆಯ ಸಲ ಇಪ್ಪತ್ಮೂರು ಜೋಡಿ ಎಂದರು. ನಾನು ಗುಣಿಸಿ ನೂರಾ ಎಂಬತ್ತನಾಲ್ಕು ಎಂದೆ.

ಅತ್ತೆ ಸ್ವಲ್ಪ ಹೊತ್ತು ನನ್ನ ಕೈ ಬಿಡಲಿಲ್ಲ. "ಇದು ದೃಷ್ಟಿ ಅಲ್ಲವ್ವ," ಎಂದರು ಕೊನೆಗೆ. "ದೃಷ್ಟಿ ಇಷ್ಟ ಜೋರ್ ಓಡಲ್ಲ."

ಏಳೆಂಟು ತಿಂಗಳ ಬರಹ ಕೂಡಿದ ಮೇಲೆ ಒಂದು ಭಾನುವಾರ ನೋಟ್‌ಬುಕ್ ಬಿಚ್ಚಿಕೊಂಡು ಕುಳಿತೆ. ಪರೀಕ್ಷೆಯ ಉತ್ತರಪತ್ರಿಕೆ ನೋಡುವ ಹಾಗೆ ಕೆಂಪು ಪೆನ್ನಿನಿಂದ ಗುರುತು ಹಾಕುತ್ತಾ ಹೋದೆ. ಬಗ್ಗಿದಾಗ ಬಂದದ್ದು ಅರ್ಧಕ್ಕಿಂತ ಹೆಚ್ಚು. ಸೋಮವಾರ ಬಂದದ್ದು ಬೇರೆ ಯಾವ ದಿನಕ್ಕಿಂತಲೂ ಹೆಚ್ಚು. ಸೋಮವಾರ ನಾವು ಒಪ್ಪತ್ತು ಇರುತ್ತೇವೆ. ನಾನು ಬೆಳಗಿನಿಂದ ಸಂಜೆಯವರೆಗೆ ಬರೀ ಕಡಕ್ ಚಹಾದ ಮೇಲೆ ಪಾಠ ಮಾಡುತ್ತಿದ್ದೆ. ಇದನ್ನು ಅತ್ತೆಗೆ ಹೇಗೆ ಹೇಳುವುದೆಂದು ಎರಡು ದಿನ ಹಿಂದೆಮುಂದೆ ನೋಡಿ, ಕೊನೆಗೆ ನೋಟ್‌ಬುಕ್ಕಿನ ಕೆಂಪು ಗುರುತು ತೋರಿಸಿ ಹೇಳಿದೆ.

"ದೇವರು ಒಪ್ಪತ್ತು ಇರು ಅಂದಾನ, ಚಹಾ ಕುಡಿ ಅಂದಿಲ್ಲ," ಎಂದರು ಅತ್ತೆ. ಮುಂದಿನ ಸೋಮವಾರದಿಂದ ಡಬ್ಬಿಯಲ್ಲಿ ಬಾಳೆಹಣ್ಣು, ಶೇಂಗಾ, ಒಂದು ಸಣ್ಣ ಬಾಟಲಿಯಲ್ಲಿ ಹಾಲು. ಸೋಮವಾರದ ಕಾಟ ಪೂರ್ತಿ ಹೋಗದಿದ್ದರೂ ಬಹಳ ಇಳಿಯಿತು.

ಇಷ್ಟಾದರೂ ಸಬೂತು ಸಿಕ್ಕಿರಲಿಲ್ಲ. ಎರಡು ಸಲ ಆ ಆಸ್ಪತ್ರೆಯ ಬಾಗಿಲವರೆಗೆ ಹೋಗಿದ್ದೆ. ಎರಡೂ ಸಲ ಒಳಗೆ ಕಾಲಿಡುವಾಗ ಎದೆ ಸುಮ್ಮನಾಗಿತ್ತು. ಮೂರನೆಯ ಸಲ ಬೆಳಗಿನ ಬಸ್ಸಿನಲ್ಲಿ ಬಂತು. ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹೆದ್ದಾರಿಗೆ ಹತ್ತಿ, ರಾಜೇಶ್ವರದ ಹತ್ತಿರ ಬಂದಿತ್ತು. ಬಿದ್ದ ಕೊಡೆ ಎತ್ತಿಕೊಳ್ಳಲು ಬಗ್ಗಿದ್ದೇ ನೆಪ. ಕಂಡಕ್ಟರ್ ನನ್ನ ಮುಖ ನೋಡಿ ಗಾಬರಿಯಾದರು.

"ಬಾಯಾರ, ಗಾಡಿ ನಿಂದರಸ್ಲೇನ್ರಿ? ನೀರ್ ಕುಡೀತೀರೇನು?"

"ನಿಂದರಸಬ್ಯಾಡ್ರಿ ಅಣ್ಣಾ. ಜಲ್ದಿ ಹೊಡೀಲಿಕ್ಕ ಹೇಳ್ರಿ."

ಹುಮನಾಬಾದಿನಲ್ಲಿ ಇಳಿದು ಆಟೋ ಹಿಡಿದೆ. ಅದುವರೆಗೆ ಪ್ರತಿಸಲವೂ ಎದೆಯನ್ನು ಬೇಡಿಕೊಂಡದ್ದು ಒಂದೇ ಮಾತು: ನಿಲ್ಲು, ನಿಲ್ಲು. ಆ ದಿನ ಆಟೋದಲ್ಲಿ ಕುಳಿತು ಮೊಟ್ಟಮೊದಲ ಬಾರಿಗೆ ಬೇರೆ ಮಾತು ಬೇಡಿಕೊಂಡೆ. ನಿಲ್ಲಬೇಡ. ಇನ್ನು ಹತ್ತು ನಿಮಿಷ ಓಡು. ಕೆಮ್ಮು ಬಂದರೂ ತಡೆದುಕೊಂಡೆ. ಕೆಮ್ಮಿದರೆ ಅದು ಹೋಗುತ್ತದೆಂದು ನೋಟ್‌ಬುಕ್ಕಿನಲ್ಲಿ ನಾನೇ ಎರಡು ಕಡೆ ಬರೆದಿದ್ದೆ.

ಆಸ್ಪತ್ರೆಯ ನರ್ಸು ನಡುವಯಸ್ಸಿನವರು. ಚೀಟಿ ಓದಿ, ನನ್ನ ಕೈ ಹಿಡಿದು ನೋಡಿ, ಏನೂ ಕೇಳದೆ ಮಂಚದ ಮೇಲೆ ಮಲಗಿಸಿದರು. ಕೈಕಾಲಿಗೆ ಪಟ್ಟಿ ಕಟ್ಟಿ, ಎದೆಗೆ ತಣ್ಣನೆಯ ಲೇಪ ಹಚ್ಚಿ ಯಂತ್ರದ ಗುಂಡಿ ಒತ್ತಿದರು. ನಾನು ಛಾವಣಿ ನೋಡುತ್ತಾ ಉಸಿರು ಸಹ ಮೆಲ್ಲಗೆ ಬಿಡುತ್ತಿದ್ದೆ. ಕಾಗದ ಸರಸರನೆ ಹೊರಗೆ ಬರುವ ಸದ್ದು ಕೇಳಿಸಿತು.

"ಬಂತೇನ್ರಿ ಸಿಸ್ಟರ್? ಸಿಕ್ತೇನ್ರಿ?"

"ಸಿಕ್ತು, ಸಿಕ್ತು. ಅಲುಗಬ್ಯಾಡ್ರಿ."

ಅಷ್ಟರಲ್ಲಿ ಬಂದ ಡಾಕ್ಟರು ಕಾಗದ ನೋಡಿ, ಯಂತ್ರ ನಿಲ್ಲಿಸಬೇಡಿ ಎಂದು ನರ್ಸಿಗೆ ಹೇಳಿ, ನನಗೆ ಮೂಗು ಬಾಯಿ ಮುಚ್ಚಿ, ಹೆರಿಗೆಯಲ್ಲಿ ತಿಣುಕುವ ಹಾಗೆ ಜೋರಾಗಿ ಮುಕ್ಕಲು ಹೇಳಿದರು. ಎರಡನೆಯ ಸಲಕ್ಕೆ ಎದೆಯೊಳಗೆ ಒಂದು ದೊಡ್ಡ ಬಡಿತ, ಒಂದು ಬಿಡುವು, ಆಮೇಲೆ ಸರಾಗವಾದ ನಡಿಗೆ. ಕಾಗದದ ಮೇಲೆ ಎಲ್ಲವೂ ಬಂದಿತ್ತು. ಮೊದಲು ಒತ್ತೊತ್ತಾಗಿ ನಿಂತ ಗೆರೆಗಳು, ನಡುವೆ ಖಾಲಿ ಜಾಗ, ಆಮೇಲೆ ದೂರ ದೂರ ಬಿಡಿಸಿದ ಹಾಗೆ ಗೆರೆಗಳು. ಅದನ್ನು ಕೈಯಲ್ಲಿ ಹಿಡಿದು ನಾನು ಅತ್ತುಬಿಟ್ಟೆ. ನರ್ಸು ನನ್ನ ಬೆನ್ನು ಸವರಿ, "ಯಾಕ್ ಅಳ್ತೀರಿ? ಹೋಯ್ತಲ್ಲ," ಎಂದರು. ಹೋಗಿದ್ದಕ್ಕಲ್ಲ, ಸಿಕ್ಕಿದ್ದಕ್ಕೆ ಅಳು ಬಂದಿತ್ತು. ಒಂದೂವರೆ ವರ್ಷ ನಾನು ಹೇಳಿದ್ದು ಸುಳ್ಳಾಗಿರಲಿಲ್ಲ.

ಆ ಕಾಗದವನ್ನು ಬಸವಕಲ್ಯಾಣದ ಡಾಕ್ಟರಿಗೂ ತೋರಿಸಬೇಕೆಂದು ಹಟ ಹಿಡಿದವರು ಯಜಮಾನರು. ಅವರೇ ಒಯ್ದರು. ಆ ಡಾಕ್ಟರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ನಾ ಅವ್ರಿಗೇ ಕೇಳಬೇಕಿತ್ತರಿ, ನಿಮಗ ಹೇಳಿ ಕಳಿಸಿದೆ," ಎಂದರಂತೆ. ಯಜಮಾನರು ಮನೆಗೆ ಬಂದು ಅದೇ ಮಾತನ್ನು ತಮ್ಮದೇ ಎಂಬಂತೆ ನನಗೆ ಹೇಳಿದರು. "ನಾನೂ ನಿನಗ ಕೇಳಬೇಕಿತ್ತು."

ಡಾಕ್ಟರ್ ಸಾಬರು ಚೀಟಿಯ ಹಿಂದೆ ಹೃದಯದ ಚಿತ್ರ ಬರೆದು ತಿಳಿಸಿಕೊಟ್ಟರು. ಮೇಲಿನಿಂದ ಕೆಳಗೆ ಕರೆಂಟು ಹೋಗಲು ಒಂದು ದಾರಿ ಸಾಕು. ನನಗೆ ಹುಟ್ಟಿನಿಂದಲೇ ಎರಡಿದ್ದಿರಬೇಕು. ಒಮ್ಮೊಮ್ಮೆ ಕರೆಂಟು ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಿ ಸುತ್ತತೊಡಗುತ್ತದೆ. ಹೃದಯ ಗಟ್ಟಿಯಾಗಿದೆ, ಇದರಿಂದ ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ ಎಂದರು. ದಿನಾ ಒಂದು ಗುಳಿಗೆ ಬರೆದರು. ಈ ಸಲ ನಾನು ಕೇಳಿದೆ. ಯಾತಕ್ಕೆ, ಏನು ಮಾಡುತ್ತದೆ, ಏನು ತ್ರಾಸು ಕೊಡಬಹುದು, ಮರೆತರೆ ಏನು ಮಾಡುವುದು? ಅವರು ಒಂದಕ್ಕೂ ಬೇಸರಪಡಲಿಲ್ಲ. ತಿಂಗಳ ನಂತರ ಮೆಟ್ಟಿಲು ಹತ್ತುವಾಗ ಕಾಲು ಎಳೆಯುತ್ತಿದೆ, ನಾಡಿ ಐವತ್ತಕ್ಕೆ ಇಳಿಯುತ್ತಿದೆ ಎಂದು ನೋಟ್‌ಬುಕ್ ತೋರಿಸಿದಾಗ ಗುಳಿಗೆ ಅರ್ಧ ಮಾಡಿದರು.

ಶನಿವಾರ ನಮಗೆ ಬೆಳಗಿನ ಶಾಲೆ. ಶಾಲೆ ಬಿಟ್ಟ ಮೇಲೆ ಅವರ ದವಾಖಾನೆಯ ಬೆಂಚಿನ ಮೂಲೆಯಲ್ಲಿ ಕುಳಿತು ಅವರ ದಪ್ಪ ಇಂಗ್ಲಿಷ್ ಪುಸ್ತಕದ ಹೃದಯದ ಅಧ್ಯಾಯ ಓದತೊಡಗಿದೆ. ನಾನು ಕನ್ನಡ ಟೀಚರ್. ಒಂದು ಪುಟಕ್ಕೆ ಒಂದು ಶನಿವಾರ ಬೇಕಾಗುತ್ತಿತ್ತು. ಕಷ್ಟದ ಶಬ್ದಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ರೋಗಿಗಳು ಇಲ್ಲದಾಗ ಅರ್ಥ ಕೇಳುತ್ತಿದ್ದೆ. ಓದುತ್ತಾ ಓದುತ್ತಾ ಒಂದು ಹೊಸ ತೊಂದರೆಯೂ ಶುರುವಾಯಿತು. ಪುಸ್ತಕದಲ್ಲಿದ್ದ ಪ್ರತಿ ಕಾಯಿಲೆಯೂ ನನಗೇ ಇದೆ ಅನಿಸತೊಡಗಿತು. ಒಂದು ಶನಿವಾರ ಕಾಲು ಬಾತಿದೆಯೇ ಎಂದು ಒತ್ತಿ ನೋಡಿಕೊಳ್ಳುತ್ತಿದ್ದಾಗ ಅವರಿಗೆ ಸಿಕ್ಕಿಬಿದ್ದೆ.

"ಕಿತಾಬಿನಾಗ ಇರೋ ಬ್ಯಾನಿ ಎಲ್ಲಾ ನಿಮ್ಮವಲ್ಲ ಬೇಟಿ," ಎಂದು ನಕ್ಕು ಪುಸ್ತಕ ಮುಚ್ಚಿದರು. "ನಿಮ್ಮದೊಂದೇ ಅಧ್ಯಾಯ. ಅದು ಓದ್ರಿ. ಉಳಿದದ್ದು ನನಗ ಬಿಡ್ರಿ."

ಆ ಓದು ಉಪಯೋಗಕ್ಕೆ ಬಂದದ್ದು ಹಲ್ಲು ಕೀಳಿಸಿಕೊಳ್ಳಲು ಹೋದಾಗ. ಬಸವಕಲ್ಯಾಣದಲ್ಲಿ ಹೊಸದಾಗಿ ಬಂದಿದ್ದ ಹಲ್ಲಿನ ಡಾಕ್ಟರು ಒಸಡಿಗೆ ಜೋಮು ಹಿಡಿಸುವ ಸೂಜಿ ಎತ್ತಿದ್ದರು. ಕುರ್ಚಿಯಲ್ಲಿ ಬಾಯಿ ತೆರೆದಿದ್ದವಳು ಕೈ ಅಡ್ಡ ಹಿಡಿದೆ.

"ನನಗ ಎದಿಬಡಿತದ ತಕರಾರ ಅದರಿ. ಈ ಔಷಧದಾಗ ಎದಿ ಓಡಸೋ ಅಡ್ರಿನಾಲಿನ್ ಅದೇನ್ರಿ?"

ಅವರು ಸೀಸೆ ತಿರುಗಿಸಿ ನೋಡಿದರು. "ಅದರಿ. ನೀವ್ ನರ್ಸ್ ಇದ್ದೀರೇನು?"

"ಇಲ್ರಿ. ಕನ್ನಡ ಟೀಚರ್."

ಅವರು ಸೂಜಿ ಕೆಳಗಿಟ್ಟು, ಡಾಕ್ಟರ್ ಸಾಬರಿಗೆ ಫೋನ್ ಮಾಡಿ ಮಾತಾಡಿ, ಅದಿಲ್ಲದ ಬೇರೆ ಔಷಧ ಕೊಟ್ಟು ಹಲ್ಲು ಕಿತ್ತರು. ನಾನು ಹೊರಡುವಾಗ, "ಎಲ್ಲಾರೂ ಹಿಂಗ ಮೊದಲೇ ಹೇಳಿದ್ರ ನಮಗೂ ಛಲೋ ರಿ," ಎಂದರು. ಬಾಯಲ್ಲಿ ಹತ್ತಿ ಇದ್ದುದರಿಂದ ನಾನು ಕಣ್ಣಲ್ಲೇ ನಕ್ಕೆ.

ಹೀಗೆ ಆರೇಳು ವರ್ಷ ಗುಳಿಗೆ, ನೋಟ್‌ಬುಕ್, ಮುಕ್ಕುವುದು, ಮುಖಕ್ಕೆ ತಣ್ಣೀರು ಎಂದು ಚೆನ್ನಾಗಿಯೇ ನಡೆಯಿತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಅದು ಹಟಮಾರಿಯಾಯಿತು. ಇಪ್ಪತ್ತು ನಿಮಿಷದ್ದು ಎರಡು ತಾಸಾಯಿತು. ಮುಕ್ಕಿದರೆ ಹೋಗುತ್ತಿರಲಿಲ್ಲ, ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ತೆಗೆದುಕೊಳ್ಳಬೇಕಾಗುತ್ತಿತ್ತು. ಡಾಕ್ಟರ್ ಸಾಬರು ಹೈದರಾಬಾದಿನ ಒಂದು ದೊಡ್ಡ ಆಸ್ಪತ್ರೆಗೆ ಪತ್ರ ಬರೆದರು. ಅಲ್ಲಿ ಕಾಲಿನ ನರದಿಂದ ತಂತಿ ಒಯ್ದು ಹೃದಯದ ಆ ಹೆಚ್ಚಿನ ದಾರಿಯನ್ನು ಸುಟ್ಟುಬಿಡುತ್ತಾರೆ ಎಂದರು.

ಹೈದರಾಬಾದಿನ ಹೃದ್ರೋಗ ತಜ್ಞೆ ನನಗಿಂತ ಚಿಕ್ಕವರು. ಹಿಂದಿಯಲ್ಲಿ ಮಾತಾಡುತ್ತಿದ್ದರು, ನಮ್ಮ ಕಡೆಯ ದಖ್ಖನಿ ನನಗೆ ಸಾಕಾಯಿತು. ಹೊರಗೆ ರೋಗಿಗಳ ಸಾಲು ಇತ್ತು. ನಾನು ಹನ್ನೊಂದು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಎಂಟು ಮುಗಿಯುವಾಗ ಅವರು ಗಡಿಯಾರ ನೋಡಿದರು. ಪಕ್ಕದಲ್ಲಿ ಕುಳಿತಿದ್ದ ಅತ್ತೆಗೆ ಹಿಂದಿ ಅಷ್ಟಕ್ಕಷ್ಟೆ, ಆದರೆ ಗಡಿಯಾರ ನೋಡಿದ್ದು ತಿಳಿಯಿತು.

"ಔರ್ ತೀನ್ ಹೈ, ಅಮ್ಮಾ," ಎಂದರು ಅತ್ತೆ, ಇನ್ನೂ ಮೂರಿವೆ ಎಂದು ಬೆರಳು ಎತ್ತಿ.

ತಜ್ಞೆ ನಕ್ಕು ಕುರ್ಚಿಗೆ ಒರಗಿದರು. ಹತ್ತನೆಯ ಪ್ರಶ್ನೆಯೇ ನನಗೆ ಮುಖ್ಯವಾದದ್ದು: ಸುಡುವಾಗ ಸರಿಯಾದ ದಾರಿಯೂ ಸುಟ್ಟರೆ? ಅವರು ತೇಲಿಸಿ ಮಾತಾಡಲಿಲ್ಲ. ಹಾಗಾಗುವುದು ಕಡಿಮೆ, ಆದರೆ ಆಗಬಹುದು. ಹಾಗೇನಾದರೂ ಆದರೆ ಪೇಸ್‌ಮೇಕರ್ ಹಾಕಬೇಕಾಗುತ್ತದೆ, ಜೀವನಪೂರ್ತಿ ಇರುತ್ತದೆ ಎಂದರು. ಮಾಡಿಸಿಕೊಳ್ಳದಿದ್ದರೂ ನಡೆಯುತ್ತದೆ, ಗುಳಿಗೆ ಬದಲಿಸಿ ನೋಡಬಹುದು ಎಂದೂ ಹೇಳಿದರು. ಆ ದಿನ ನಾನು ಹೂಂ ಅನ್ನಲಿಲ್ಲ. ಊರಿಗೆ ಬಂದು ಎರಡು ತಿಂಗಳು ಯೋಚಿಸಿದೆ. ಯಜಮಾನರು ಒಮ್ಮೆಯೂ ಒತ್ತಾಯ ಮಾಡಲಿಲ್ಲ. "ಎದಿ ನಿಂದು, ನೀ ಹೇಳಿದ ದಿನ ಹೋಗೋಣ," ಎಂದಷ್ಟೇ ಹೇಳಿದರು. ದೀಪಾವಳಿಯ ಸೂಟಿಯಲ್ಲಿ ಹೋಗೋಣ ಎಂದು ನಾನೇ ಹೇಳಿದೆ.

ಅಲ್ಲಿ ನನ್ನ ಎಚ್ಚರ ಪೂರ್ತಿ ತಪ್ಪಿಸಲಿಲ್ಲ. ತಣ್ಣನೆಯ ಕೋಣೆ, ತಲೆಯ ಮೇಲೆ ಪರದೆಗಳು. ತೊಡೆಯ ಸಂದಿಯಲ್ಲಿ ಸೂಜಿ ಚುಚ್ಚಿ ತಂತಿಗಳನ್ನು ಒಳಗೆ ಬಿಟ್ಟರು. ಆಮೇಲೆ ಅವರೇ ಬೇಕೆಂದು ನನ್ನ ಎದೆಯನ್ನು ಓಡಿಸಿದರು. ತಜ್ಞೆ ನನ್ನ ಮುಖದ ಹತ್ತಿರ ಬಗ್ಗಿ, ಇದೇನಾ ಎಂದು ಕೇಳಿದರು.

"ಇದೇ, ಇದೇ," ಎಂದೆ. ಎಂಟು ವರ್ಷದ ಗುರುತಿನವರನ್ನು ತೋರಿಸಿಕೊಟ್ಟ ಹಾಗೆ.

ಸುಡುವಾಗ ಎದೆಯಲ್ಲಿ ಸ್ವಲ್ಪ ಬಿಸಿ ಅನಿಸಿತು, ಅಷ್ಟೇ. ಮತ್ತೆ ಓಡಿಸಲು ನೋಡಿದರು, ಓಡಲಿಲ್ಲ. ಇನ್ನೊಮ್ಮೆ ನೋಡಿದರು. ಓಡಲಿಲ್ಲ. ಅರ್ಧ ತಾಸು ಕಾದು ಮತ್ತೆ ನೋಡಿದ ಮೇಲೆ ತಜ್ಞೆ ಮುಖದ ಪಟ್ಟಿ ಇಳಿಸಿ ನಕ್ಕರು.

ವಾಪಸ್ಸು ಬರುವಾಗ ಮೊದಲು ಇಳಿದದ್ದು ಹುಮನಾಬಾದಿನಲ್ಲಿ. ಡಾಕ್ಟರ್ ಸಾಬರು ವರದಿಯನ್ನು ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು, "ನಾ ಇದು ಕಣ್ಲೆ ನೋಡಿಲ್ಲ. ಒಳಗ ಏನೇನ್ ಮಾಡಿದ್ರು, ಹೇಳ್ರಿ," ಎಂದರು. ಬೆಂಚಿನ ಮೇಲೆ ಮೂವರು ರೋಗಿಗಳು ಕಾಯುತ್ತಿದ್ದರು. ನಾನು ಪೆನ್ನು ತೆಗೆದುಕೊಂಡು ತಂತಿ ಎಲ್ಲಿಂದ ಹೋಯಿತು, ಎಲ್ಲಿ ನಿಂತಿತು ಎಂದು ಬರೆದು ತೋರಿಸಿದೆ. ಅವರು ವಿದ್ಯಾರ್ಥಿಯ ಹಾಗೆ ಮಧ್ಯೆ ಮಧ್ಯೆ ಪ್ರಶ್ನೆ ಕೇಳಿದರು. ಎರಡಕ್ಕೆ ನನಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೆ.

ಆಮೇಲೂ ಒಮ್ಮೊಮ್ಮೆ ಒಂದು ಬಡಿತ ಹೆಚ್ಚು ಬಿದ್ದು ಎದೆ ಜಿಗಿದಂತಾಗುತ್ತಿತ್ತು. ಮೊದಲಾಗಿದ್ದರೆ ಕೈ ನಾಡಿಗೆ ಹೋಗುತ್ತಿತ್ತು. ಅದು ಯಾರಿಗಾದರೂ ಆಗುವಂಥದ್ದು, ಓಡುವುದಿಲ್ಲ ಎಂದು ಕೇಳಿ ತಿಳಿದುಕೊಂಡಿದ್ದರಿಂದ ಹಿಡಿದ ಕೆಲಸ ಬಿಡುತ್ತಿರಲಿಲ್ಲ. ದೊಡ್ಡ ಆಸ್ಪತ್ರೆಯಿಲ್ಲದ ದುಬಲಗುಂಡಿಯ ಶಾಲೆಗೆ ಎರಡು ವಾರ ತರಬೇತಿಗೆ ಹೋಗಬೇಕಾಗಿ ಬಂದಾಗ, ಹಿಂದೆ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದವಳು, ಎಲ್ಲರಿಗಿಂತ ಮೊದಲು ಹೆಸರು ಕೊಟ್ಟೆ.

ಮರುವರ್ಷ ಅತ್ತೆಗೆ ಬಿಪಿ ಬಂತು. ಬಸವಕಲ್ಯಾಣದ ಅದೇ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಪರೀಕ್ಷಿಸಿ, ಅಭ್ಯಾಸಬಲದಿಂದ ನನ್ನ ಕಡೆ ತಿರುಗಿ ಗುಳಿಗೆಯ ವಿಷಯ ಹೇಳಹೊರಟರು. ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಾಗಿದರು.

"ನನಗ ಹೇಳ್ರಿ ಡಾಕ್ಟರ್. ಗುಳಿಗಿ ತಗೊಳ್ಳಾಕಿ ನಾ ಇದ್ದೇನಿ. ಯಾತಕ್ಕ ಇದು? ಹೊಟ್ಟಿ ತುಂಬಿದ ಮ್ಯಾಲೋ, ಖಾಲಿ ಹೊಟ್ಟಿಗೋ? ತಲಿ ತಿರುಗಿದ್ರ ಏನ್ ಮಾಡ್ಲಿ?"

ಡಾಕ್ಟರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ, ಕುರ್ಚಿಯನ್ನು ಅತ್ತೆಯ ಕಡೆ ತಿರುಗಿಸಿಕೊಂಡು, ಒಂದೊಂದಾಗಿ ಹೇಳತೊಡಗಿದರು.